ಸ್ಲೇಟು, ಕಡತ, ಟ್ಯಾಬ್ಲೆಟ್, ಲ್ಯಾಪ್‌ಟಾಪ್: ಕಾಲೇಜಿಗೆ ಹೊರಟವರಿಗೆ ಒಂದು ಚರಿತ್ರೆಯ ಪಾಠ



2025ರ ಮಾರ್ಚ್ 14ರಂದು ತಮಿಳುನಾಡಿನ ಹಣಕಾಸು ಸಚಿವ ತಂಗಂ ತೆನ್ನರಸು ಅವರು ಬಜೆಟ್ ಮಂಡಿಸುತ್ತಾ ಒಂದು ಘೋಷಣೆ ಮಾಡಿದರು. ಸರಕಾರಿ ಕಾಲೇಜುಗಳಲ್ಲಿ ಓದುವ 20 ಲಕ್ಷ ವಿದ್ಯಾರ್ಥಿಗಳಿಗೆ ಎರಡು ವರ್ಷಗಳಲ್ಲಿ, ಅವರವರ ಇಷ್ಟದಂತೆ, 'ಕೈಕ್ಕಣಿನಿ' ಇಲ್ಲವೇ 'ಮಡಿಕ್ಕಣಿನಿ' ಕೊಡಲಾಗುವುದು ಎಂದರು. ಅದಕ್ಕಾಗಿ 2,000 ಕೋಟಿ ರೂಪಾಯಿ ತೆಗೆದಿರಿಸಿದರು. ಕೈಕ್ಕಣಿನಿ ಎಂದರೆ ಟ್ಯಾಬ್ಲೆಟ್, ಮಡಿಕ್ಕಣಿನಿ ಎಂದರೆ ಲ್ಯಾಪ್‌ಟಾಪ್. ತಮಿಳಿನ 'ಮಡಿ' ನಮ್ಮ ಕನ್ನಡದ 'ಮಡಿಲು'. ಆದರೆ ತಾಳವಾಡಿ ಸೀಮೆಯ ನಮ್ಮ ಮಕ್ಕಳ ಕಿವಿಗೆ ಅದು 'ಮಡಚುವ ಕಂಪ್ಯೂಟರ್' ಎಂದು ಕೇಳಿಸಿದರೆ ಅದೇನೂ ತಪ್ಪಲ್ಲ, ಅದು ಮಡಚುವ ವಸ್ತುವೇ ತಾನೇ!

ಅಂದಿನಿಂದ ಪ್ಲಸ್ ಟು ಓದುವ ಮಕ್ಕಳಿರುವ ಮನೆಗಳಲ್ಲಿ ಇದೇ ಚರ್ಚೆ. ಸರಕಾರ ಕೊಡುವುದಿರಲಿ, ಸ್ವಂತ ದುಡ್ಡಿನಲ್ಲಿ ಕೊಳ್ಳುವುದಿರಲಿ, ಎರಡರಲ್ಲಿ ಯಾವುದು ಒಳ್ಳೆಯದು ಎಂದು ಹೆತ್ತವರು ಮೇಷ್ಟ್ರನ್ನು ಕೇಳುತ್ತಾರೆ. ಇದಕ್ಕೆ ಅಂಗಡಿಯವರ ಬಳಿ ಒಂದು ಉತ್ತರ ಇರುತ್ತದೆ, ಜಾಹೀರಾತಿನಲ್ಲಿ ಇನ್ನೊಂದು. ಚರಿತ್ರೆಯಲ್ಲಿಯೂ ಒಂದು ಉತ್ತರ ಇದೆ. ಅದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮರಳಿನ ಮೇಲಿನ ಅಕ್ಷರ

'ಟ್ಯಾಬ್ಲೆಟ್' ಎಂಬ ಹೆಸರು ಹೊಸದಲ್ಲ. ಲ್ಯಾಟಿನ್ ಭಾಷೆಯಲ್ಲಿ 'ತಬುಲಾ' ಎಂದರೆ ಹಲಗೆ. ಎರಡು ಸಾವಿರ ವರ್ಷಗಳ ಹಿಂದೆ ರೋಮನರ ಮಕ್ಕಳು ಮರದ ಹಲಗೆಗೆ ಮೇಣ ತುಂಬಿಸಿ ಅದರ ಮೇಲೆ ಮೊನಚು ಕಡ್ಡಿಯಿಂದ ಬರೆಯುತ್ತಿದ್ದರು. ತಪ್ಪಾದರೆ ಕಡ್ಡಿಯ ಚಪ್ಪಟೆ ತುದಿಯಿಂದ ಮೇಣವನ್ನು ಸವರಿ ಮತ್ತೆ ಬರೆಯಬಹುದಿತ್ತು. ಇಂಥ ಎರಡು ಹಲಗೆಗಳನ್ನು ಒಂದು ಬದಿಯಲ್ಲಿ ಜೋಡಿಸಿ ಪುಸ್ತಕದಂತೆ ಮುಚ್ಚುವ ಪದ್ಧತಿಯೂ ಇತ್ತು. ಅಂದರೆ ಬಿಡಿ ಹಲಗೆ, ಮಡಚುವ ಹಲಗೆ ಎರಡೂ ಆಗಲೇ ಇದ್ದವು.

ನಮ್ಮಲ್ಲಿಯೂ ಹೀಗೆಯೇ. ಹಳೆಯ ಮಠದ ಶಾಲೆಗಳಲ್ಲಿ, ಐಗಳ ಶಾಲೆಗಳಲ್ಲಿ ಮಕ್ಕಳು ಮೊದಲು ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಕೈ ಪಳಗಿದ ಮೇಲೆ ಹಲಗೆ, ಬಳಪ. ಆಮೇಲೆ ಓಲೆಗರಿ ಮತ್ತು ಕಂಠ. ಇವಲ್ಲದೆ ಕನ್ನಡ ನಾಡಿನಲ್ಲಿ 'ಕಡತ' ಎಂಬ ವಿಶೇಷ ವಸ್ತು ಇತ್ತು. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಕಪ್ಪು ಮೈಮೇಲೆ ಬಿಳಿ ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಶಾನುಭೋಗರ ಲೆಕ್ಕ, ಮಠಗಳ ಪತ್ರ ವ್ಯವಹಾರ ಎಲ್ಲ ಇದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳು ಇವೆ. ಇಂದು ಸರಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಮಾತು ಬಂದದ್ದು ಅಲ್ಲಿಂದಲೇ.

ಮರಳು ಮತ್ತು ಹಲಗೆ ಅಭ್ಯಾಸಕ್ಕೆ, ಓಲೆ ಮತ್ತು ಕಡತ ದಾಖಲೆಗೆ. ಬರೆದು ಅಳಿಸುವುದಕ್ಕೆ ಒಂದು, ಬರೆದು ಉಳಿಸುವುದಕ್ಕೆ ಇನ್ನೊಂದು. ಎರಡರಲ್ಲಿಯೂ ಬರೆಯುವವನು ಮಾತ್ರ ವಿದ್ಯಾರ್ಥಿಯೇ.

ನಮ್ಮ ಮರಳಿನ ಪಾಠ ಇಂಗ್ಲೆಂಡಿಗೂ ಹೋಯಿತು. 1789ರಲ್ಲಿ ಮದರಾಸಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಹತ್ತಿರದ ಒಂದು ದೇಶೀಯ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆಯುವುದನ್ನು ನೋಡಿದ. ಕಾಗದ ಬೇಡ, ಶಾಯಿ ಬೇಡ, ಖರ್ಚಿಲ್ಲ. ತನ್ನ ಶಾಲೆಯಲ್ಲಿ ಅದನ್ನೇ ತಂದ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮವನ್ನೂ ಸೇರಿಸಿದ. ಊರಿಗೆ ಮರಳಿ 1797ರಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದ. ಅದರ ಹೆಸರಿನಲ್ಲೇ ಮದರಾಸು ಇತ್ತು. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಮರಳ ತಟ್ಟೆಗಳು ಬಂದವು, ಅವುಗಳ ಜೊತೆಗೆ ಸ್ಲೇಟು ಬಂತು. ಅದೇ ಕಲ್ಲಿನ ಸ್ಲೇಟು ಬ್ರಿಟಿಷರ ಕಾಲದ ಶಾಲೆಗಳ ಮೂಲಕ ನಮ್ಮ ಮಕ್ಕಳ ಕೈಚೀಲಕ್ಕೂ ಸೇರಿತು.

ರಟ್ಟಿನ ಕಂಪ್ಯೂಟರ್

ಈಗ ನೇರವಾಗಿ 20ನೇ ಶತಮಾನದ ಅಮೆರಿಕಕ್ಕೆ ಬರೋಣ. ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ ಎಂದು ಜನ ತಿಳಿದಿದ್ದ ಕಾಲ. ಅಲನ್ ಕೇ ಎಂಬ ಯುವ ವಿಜ್ಞಾನಿ 1968ರಲ್ಲಿ ಸೀಮೋರ್ ಪೇಪರ್ಟ್ ಎಂಬ ಗಣಿತಜ್ಞರನ್ನು ಭೇಟಿಯಾದ. ಪೇಪರ್ಟ್ ಅವರು ಶಾಲಾ ಮಕ್ಕಳಿಗೆ ಕಂಪ್ಯೂಟರಿನಲ್ಲಿ ತಾವೇ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು. ಅದನ್ನು ನೋಡಿದ ಕೇಗೆ, ಪ್ರತಿ ಮಗುವಿನ ಕೈಯಲ್ಲೂ ಒಂದು ಕಂಪ್ಯೂಟರ್ ಏಕಿರಬಾರದು ಎಂಬ ಯೋಚನೆ ಬಂತು.

1972ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದಾಗ ಅವನು ಒಂದು ಲೇಖನ ಬರೆದ. ಅದರಲ್ಲಿ 'ಡೈನಾಬುಕ್' ಎಂಬ ಯಂತ್ರದ ಕಲ್ಪನೆ ಇತ್ತು. ನೋಟುಬುಕ್ಕಿನ ಗಾತ್ರ, 4 ಪೌಂಡಿಗಿಂತ ಕಡಿಮೆ ತೂಕ, ಸುಮಾರು 500 ಡಾಲರ್ ಬೆಲೆ. ಅಂಥದನ್ನು ತಯಾರಿಸುವ ತಂತ್ರಜ್ಞಾನ ಆಗ ಇರಲಿಲ್ಲವಾದ್ದರಿಂದ ರಟ್ಟಿನಲ್ಲಿ ಒಂದು ಮಾದರಿ ಮಾಡಿ ತೋರಿಸಿದ.

ಆ ರಟ್ಟಿನ ಮಾದರಿಯನ್ನು ಗಮನಿಸಬೇಕು. ಅದು ಮಡಚುವುದಿಲ್ಲ, ಸ್ಲೇಟಿನಂತೆ ಚಪ್ಪಟೆ. ಆದರೆ ಮೇಲೆ ಪರದೆ, ಕೆಳಗೆ ಕೀಲಿಮಣೆ. ಹೀಗಾಗಿ ಟ್ಯಾಬ್ಲೆಟ್ ಮತ್ತು ಲ್ಯಾಪ್‌ಟಾಪ್ ಎರಡೂ ತಮ್ಮ ಪೂರ್ವಜ ಇದೇ ಎನ್ನುತ್ತವೆ. ಕೇ ಅದನ್ನು ಕಲ್ಪಿಸಿದ್ದು ಅಧಿಕಾರಿಗಳಿಗೋ ವ್ಯಾಪಾರಿಗಳಿಗೋ ಅಲ್ಲ, ಮಕ್ಕಳಿಗೆ. ಅದೂ ಮಗು ಬರೆದು, ಚಿತ್ರ ಬಿಡಿಸಿ, ಪ್ರೋಗ್ರಾಂ ಮಾಡಿ ಕಲಿಯಲಿ ಎಂಬ ಉದ್ದೇಶದಿಂದ.

ದಾರಿ ಕವಲಾಯಿತು

ಆಮೇಲೆ ಅಣ್ಣ ತಮ್ಮಂದಿರು ಬೇರೆಯಾದಂತೆ ಆಯಿತು. ಲ್ಯಾಪ್‌ಟಾಪಿನ ಕಡೆ ಮೊದಲು ಬಂದದ್ದು 1981ರ ಆಸ್ಬೋರ್ನ್ 1. ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ ಇತ್ತು, 11 ಕಿಲೋ ತೂಕ, 5 ಅಂಗುಲದ ಪರದೆ. ಅದನ್ನು ಮಡಿಲಲ್ಲಿ ಇಟ್ಟುಕೊಂಡರೆ ಮೊಣಕಾಲು ಉಳಿಯುತ್ತಿರಲಿಲ್ಲ! 1982ರಲ್ಲಿ ಗ್ರಿಡ್ ಕಂಪಾಸ್ ಎಂಬ ಯಂತ್ರ ಬಂತು. ಪರದೆಯನ್ನು ಕೀಲಿಮಣೆಯ ಮೇಲೆ ಮಡಚುವ ಆಕಾರ ಇದರಿಂದ ಹೆಸರಾಯಿತು. ಬೆಲೆ 8,000 ಡಾಲರಿಗೂ ಮೇಲೆ. ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲೂ ಅದು ಹಾರಿತು. 1985ರ ತೋಷಿಬಾ ಯಂತ್ರದ ನಂತರ ಲ್ಯಾಪ್‌ಟಾಪ್ ನಿಧಾನವಾಗಿ ಕಚೇರಿಗಳಿಗೆ, ಅಲ್ಲಿಂದ ಕಾಲೇಜುಗಳಿಗೆ ಬಂತು. ಇದು ಬರೆಯುವವರ ಯಂತ್ರವಾಗಿ ಬೆಳೆಯಿತು.

ಟ್ಯಾಬ್ಲೆಟ್ಟಿನ ಕಡೆ 1989ರಲ್ಲಿ ಪೆನ್ನಿನಿಂದ ಬರೆಯುವ ಗ್ರಿಡ್‌ಪ್ಯಾಡ್, 1993ರಲ್ಲಿ ಆಪಲ್ ಕಂಪನಿಯ ನ್ಯೂಟನ್ ಬಂದವು. ನ್ಯೂಟನ್ ಕೈಬರಹವನ್ನು ತಪ್ಪು ತಪ್ಪಾಗಿ ಓದಿ ಪತ್ರಿಕೆಗಳಲ್ಲಿ ನಗೆಪಾಟಲಾಯಿತು. 2002ರಲ್ಲಿ ಮೈಕ್ರೋಸಾಫ್ಟ್ 'ಟ್ಯಾಬ್ಲೆಟ್ ಪಿಸಿ' ತಂದಾಗಲೂ ಜನ ಅಷ್ಟಾಗಿ ಕೊಳ್ಳಲಿಲ್ಲ. ಗೆದ್ದದ್ದು 2010ರ ಐಪ್ಯಾಡ್. ಅದು ಗೆದ್ದ ಗುಟ್ಟೆಂದರೆ, ಅದರ ಜೊತೆ ಪೆನ್ನೂ ಇರಲಿಲ್ಲ, ಕೀಲಿಮಣೆಯೂ ಇರಲಿಲ್ಲ. ಬೆರಳಿನಿಂದ ಸರಿಸಿದರೆ ಸಾಕು. ಓದಲು, ಚಿತ್ರ ನೋಡಲು, ಹಾಡು ಕೇಳಲು ಅಷ್ಟು ಸಲೀಸಾದ ವಸ್ತು ಅದುವರೆಗೆ ಇರಲಿಲ್ಲ. ಹೆಸರು ಹಲಗೆಯದ್ದೇ ಉಳಿಯಿತು. ಆದರೆ ಹಲಗೆ ಬರೆಯುವುದಕ್ಕೆ ಎಂಬ ಹಳೆಯ ಅರ್ಥ ಹಿಂದೆ ಸರಿದು, ಹಲಗೆ ನೋಡುವುದಕ್ಕೆ ಎಂದಾಯಿತು.

ನಮ್ಮ ದೇಶದ ಪ್ರಯತ್ನಗಳು

ಐಪ್ಯಾಡಿಗೆ ಎಷ್ಟೋ ಮೊದಲು ಬೆಂಗಳೂರಿನಲ್ಲಿ ಒಂದು ದೊಡ್ಡ ಪ್ರಯತ್ನ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಪ್ರಾಧ್ಯಾಪಕರು ಮತ್ತು ಎನ್ಕೋರ್ ಕಂಪನಿಯವರು ಸೇರಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಕೈ ಯಂತ್ರದ ಮಾದರಿ ತಯಾರಿಸಿದರು. ಓದು ಬರಹ ಬಾರದ ಹಳ್ಳಿಯವರೂ ಬಳಸುವಂತಿರಬೇಕು, ಭಾರತೀಯ ಭಾಷೆಗಳಲ್ಲಿ ಮಾತಾಡಬೇಕು ಎಂಬುದು ಅವರ ಆಸೆ. ಒಂದೇ ಯಂತ್ರವನ್ನು ಊರಿನವರೆಲ್ಲ ಹಂಚಿಕೊಳ್ಳಲಿ, ಪ್ರತಿಯೊಬ್ಬರ ಹತ್ತಿರ ಒಂದು ಸ್ಮಾರ್ಟ್ ಕಾರ್ಡ್ ಇರಲಿ ಎಂದೂ ಯೋಚಿಸಿದ್ದರು. 2004ರ ಮಾರ್ಚಿನಲ್ಲಿ ಅದು ಮಾರಾಟಕ್ಕೆ ಬಂದಾಗ ಬೆಲೆ ಹತ್ತು ಸಾವಿರದ ಹತ್ತಿರ. ಮಾರಾಟವಾದದ್ದು ಕೆಲವೇ ಸಾವಿರ. ಯೋಚನೆ ಕಾಲಕ್ಕಿಂತ ಮುಂದಿತ್ತು, ಬೆಲೆ ಬಡವರ ಜೇಬಿಗಿಂತ ಮುಂದಿತ್ತು.

2005ರಲ್ಲಿ ಅಮೆರಿಕದ ನಿಕೊಲಾಸ್ ನೆಗ್ರೊಪಾಂಟೆ ಅವರು ಜಗತ್ತಿನ ಬಡ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್, ಬೆಲೆ 100 ಡಾಲರ್ ಎಂಬ ಯೋಜನೆ ಹೇಳಿದರು. 2007ರಲ್ಲಿ ಯಂತ್ರ ತಯಾರಾದಾಗ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ನಮ್ಮ ಕೇಂದ್ರ ಸರಕಾರ 2006ರಲ್ಲೇ ಬೇಡ ಎಂದಿತ್ತು. ಪೆರು ದೇಶ ಲಕ್ಷಗಟ್ಟಲೆ ಕೊಂಡಿತು. ಅಲ್ಲಿನ ನೂರಾರು ಶಾಲೆಗಳಲ್ಲಿ ನಡೆಸಿದ ಅಧ್ಯಯನದ ವರದಿ 2012ರಲ್ಲಿ ಬಂದಾಗ, ಮಕ್ಕಳ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಹೇಳಿಕೊಳ್ಳುವ ಏರಿಕೆ ಕಂಡಿರಲಿಲ್ಲ. ಲ್ಯಾಪ್‌ಟಾಪ್ ಎಂಬ ಒಂದೇ ಕಾರಣಕ್ಕೆ ಕಲಿಕೆ ಆಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆಮೇಲೆ 2011ರ ಅಕ್ಟೋಬರ್ 5ರಂದು ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಕಾಲೇಜು ವಿದ್ಯಾರ್ಥಿಗಳಿಗಾಗಿಯೇ ಮಾಡಿದ, ಜಗತ್ತಿನಲ್ಲೇ ಅಗ್ಗದ ಟ್ಯಾಬ್ಲೆಟ್ ಎಂದು ಪ್ರಚಾರವಾಯಿತು. 7 ಅಂಗುಲದ ಪರದೆ, 256 ಎಂಬಿ ರ‍್ಯಾಮ್. ಪರದೆಯನ್ನು ಒತ್ತಿ ಒತ್ತಿ ಮುಟ್ಟಬೇಕು, ಬ್ಯಾಟರಿ ಕೆಲವೇ ಗಂಟೆ. 2012ರ ನವೆಂಬರಿನಲ್ಲಿ ಸುಧಾರಿಸಿದ ಆಕಾಶ್ 2 ಬಂತು. ಕೆಲವು ವರ್ಷಗಳಲ್ಲಿ ಯೋಜನೆಯೇ ಮರೆಯಾಯಿತು.

ಕನ್ನಡಿಗರಾದ ನಾವು ಆಕಾಶ್ ಬಗ್ಗೆ ಇನ್ನೊಂದು ಸಂಗತಿ ನೆನಪಿಡಬೇಕು. ಮೊದಲ ಆಕಾಶ್‌ನಲ್ಲಿ ಇದ್ದದ್ದು ಆಂಡ್ರಾಯ್ಡ್ 2.2. ಆಂಡ್ರಾಯ್ಡ್‌ಗೆ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳ ಬೆಂಬಲ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಅಂದರೆ ಭಾರತದ ವಿದ್ಯಾರ್ಥಿಗಳಿಗಾಗಿ ಎಂದು ಬಂದ ಟ್ಯಾಬ್ಲೆಟ್ಟಿನಲ್ಲಿ ಒತ್ತಕ್ಷರ ಸಹಿತ ಕನ್ನಡವನ್ನು ಸರಿಯಾಗಿ ಓದುವುದೇ ಕಷ್ಟ, ಬರೆಯುವುದು ದೂರದ ಮಾತು. ಅದೇ ಹೊತ್ತಿಗೆ ಕಂಪ್ಯೂಟರಿನಲ್ಲಿ ಕನ್ನಡ ನೆಲೆ ನಿಂತಾಗಿತ್ತು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕರ್ನಾಟಕದಲ್ಲಿ ಅಧಿಕೃತವಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟೇ ಇತ್ತು. ಕನ್ನಡದಲ್ಲಿ ಬರೆಯುವವನಿಗೆ ಆಗ ಆಸರೆಯಾದದ್ದು ಕೀಲಿಮಣೆಯ ಯಂತ್ರವೇ.

ಸರಕಾರಗಳು ಆರಿಸಿದ್ದೇನು?

ಇದೇ ಪ್ರಶ್ನೆ ಸರಕಾರಗಳ ಮುಂದೆಯೂ ಬಂದಿದೆ. ಜಯಲಲಿತಾ ಅವರ ಸರಕಾರ 2011ರ ಸೆಪ್ಟೆಂಬರ್ 15ರಂದು, ಅಣ್ಣಾದೊರೈ ಅವರ ಜನ್ಮದಿನದಂದು, ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭಿಸಿತು. ಐಪ್ಯಾಡಿನ ಅಲೆ ಎದ್ದಿದ್ದ ಕಾಲದಲ್ಲೂ ತಮಿಳುನಾಡು ಲ್ಯಾಪ್‌ಟಾಪನ್ನೇ ಆರಿಸಿತು. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಬೇರೆ ಬೇರೆ ಮಾಧ್ಯಮದವರಾದರೂ ಕೈಗೆ ಬಂದದ್ದು ಒಂದೇ ಯಂತ್ರ. ಎಷ್ಟೋ ಮನೆಗಳಿಗೆ ಅದೇ ಮೊದಲ ಕಂಪ್ಯೂಟರ್.

ಉತ್ತರ ಪ್ರದೇಶದಲ್ಲಿ 2012ರ ಚುನಾವಣೆಯಲ್ಲಿ ಹತ್ತನೆಯ ತರಗತಿ ಪಾಸಾದವರಿಗೆ ಟ್ಯಾಬ್ಲೆಟ್, ಹನ್ನೆರಡನೆಯದು ಪಾಸಾದವರಿಗೆ ಲ್ಯಾಪ್‌ಟಾಪ್ ಎಂಬ ಭರವಸೆ ಇತ್ತು. 2013ರ ಮಾರ್ಚಿನಿಂದ ಲ್ಯಾಪ್‌ಟಾಪ್ ಹಂಚಿದರು. ಟ್ಯಾಬ್ಲೆಟ್ ಖರೀದಿ ಟೆಂಡರಿನ ಹಂತ ದಾಟಲಿಲ್ಲ.

ಅಮೆರಿಕದ ಲಾಸ್ ಏಂಜಲೀಸ್ ನಗರದ್ದು ಇನ್ನೊಂದು ಕಥೆ. ಅಲ್ಲಿನ ಶಾಲಾ ಮಂಡಳಿ 2013ರಲ್ಲಿ ಪ್ರತಿ ವಿದ್ಯಾರ್ಥಿಗೂ ಐಪ್ಯಾಡ್ ಕೊಡಲು ಹೊರಟಿತು. ನೂರು ಕೋಟಿ ಡಾಲರಿಗೂ ಮೀರಿದ ಯೋಜನೆ. ಕೊಟ್ಟ ಮೇಲೆ ಗೊತ್ತಾಯಿತು, ಹೊಸ ಪರೀಕ್ಷೆಗಳಲ್ಲಿ ಉತ್ತರ ಟೈಪ್ ಮಾಡಬೇಕು, ಅದಕ್ಕೆ ಕೀಲಿಮಣೆ ಬೇರೆ ಕೊಳ್ಳಬೇಕು ಎಂದು! ದೊಡ್ಡ ತರಗತಿಗಳವರಿಗೆ ಲ್ಯಾಪ್‌ಟಾಪ್ ಕೊಡೋಣ ಎಂಬ ಮಾತು ಬಂತು. ಖರೀದಿಯ ಬಗ್ಗೆ ತನಿಖೆಯೂ ಆರಂಭವಾಗಿ 2014ರ ಕೊನೆಗೆ ಯೋಜನೆ ನಿಂತಿತು. ಮೇನ್ ಎಂಬ ರಾಜ್ಯದಲ್ಲಿ ಐಪ್ಯಾಡ್ ಪಡೆದಿದ್ದ ಶಾಲೆಗಳು 2016ರಲ್ಲಿ ಅವನ್ನು ಹಿಂದಿರುಗಿಸಿ ಲ್ಯಾಪ್‌ಟಾಪ್ ಪಡೆಯುವ ಅವಕಾಶ ಬಂದಾಗ ಬದಲಾಯಿಸಿಕೊಂಡ ಉದಾಹರಣೆ ಇದೆ.

ಹಾಗೆಂದು ಟ್ಯಾಬ್ಲೆಟ್ ಎಲ್ಲ ಕಡೆ ಸೋತಿತು ಎಂದಲ್ಲ. ಕೋವಿಡ್ ಕಾಲದಲ್ಲಿ ಕಾಲೇಜು ಮುಚ್ಚಿ ಪಾಠಗಳೆಲ್ಲ ವಿಡಿಯೋದಲ್ಲಿ ಬಂದಾಗ, ಕರ್ನಾಟಕ ಸರಕಾರ 2021ರ ಜೂನಿನಲ್ಲಿ ಸರಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಪಾಠ ಕೇಳುವುದೇ ಮುಖ್ಯವಾಗಿದ್ದ ಆ ದಿನಗಳಿಗೆ ಅದು ತಕ್ಕ ಆಯ್ಕೆ. ತಮಿಳುನಾಡಿನಲ್ಲಿ 2025ರ ಬಜೆಟ್ ಎರಡರ ಹೆಸರನ್ನೂ ಹೇಳಿತ್ತು, ಆದರೆ ಎಲ್ಕಾಟ್ ಸಂಸ್ಥೆ ಟೆಂಡರ್ ಕರೆದದ್ದು ಲ್ಯಾಪ್‌ಟಾಪಿಗೆ.

ಈ ಎಲ್ಲ ಘಟನೆಗಳಿಂದ ನನಗೆ ಕಾಣುವುದು ಒಂದೇ ಸಂಗತಿ. ನೋಡುವ, ಕೇಳುವ ಕೆಲಸಕ್ಕೆ ಟ್ಯಾಬ್ಲೆಟ್ ಸಾಕಾಯಿತು. ಬರೆಯುವ ಕೆಲಸ ಬಂದ ಕೂಡಲೇ ಎಲ್ಲರೂ ಕೀಲಿಮಣೆ ಹುಡುಕಿಕೊಂಡು ಹೋದರು.

ಗಡಿಯ ಮಕ್ಕಳಿಗೆ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಅದುವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಆದ್ದರಿಂದ ನಮ್ಮ ಮಕ್ಕಳ ಮುಂದೆ ಯಾವಾಗಲೂ ಎರಡು ದಾರಿ. ಕೆಲವರು ದಿಂಬಂ ಘಾಟಿ ಇಳಿದು ಸತ್ಯಮಂಗಲ, ಈರೋಡು, ಕೊಯಮತ್ತೂರಿಗೆ ಹೋಗುತ್ತಾರೆ. ಕೆಲವರು ಚಾಮರಾಜನಗರ, ಮೈಸೂರಿಗೆ ಹೋಗುತ್ತಾರೆ. ತಮಿಳುನಾಡಿನ ಯೋಜನೆ ಇಲ್ಲಿನ ಸರಕಾರಿ ಕಾಲೇಜು ಸೇರಿದವರಿಗೆ ಹೇಳಿದ್ದು. ಗಡಿ ದಾಟಿ ಓದುವವರು ಸ್ವಂತ ದುಡ್ಡಿನ ಲೆಕ್ಕ ಹಾಕಬೇಕಾಗುತ್ತದೆ. ಅಂಥ ಮನೆಗಳಲ್ಲಿ ಈ ಆಯ್ಕೆ ಒಂದೇ ಬಾರಿ ಮಾಡುವಂಥದ್ದು. ತಪ್ಪಿದರೆ ಮತ್ತೊಂದು ಕೊಳ್ಳಲು ಆಗುವುದಿಲ್ಲ. ಹಾಗಾಗಿ ಚರಿತ್ರೆ ಹೇಳುವುದನ್ನು ಕೆಲವು ಮಾತುಗಳಲ್ಲಿ ಇಳಿಸುತ್ತೇನೆ.

ಒಂದು, ಒಂದೇ ವಸ್ತು ಕೊಳ್ಳುವ ಶಕ್ತಿ ಇದ್ದರೆ ಲ್ಯಾಪ್‌ಟಾಪನ್ನೇ ಕೊಳ್ಳಿರಿ. ಪ್ರಾಜೆಕ್ಟ್ ವರದಿ, ಅರ್ಜಿ, ಲೆಕ್ಕದ ಹಾಳೆ, ಪ್ರೋಗ್ರಾಂ, ಟ್ಯಾಲಿ ಇವೆಲ್ಲ ಬರೆಯುವ ಕೆಲಸಗಳು. ಓದುವ, ನೋಡುವ ಕೆಲಸಕ್ಕೆ ಮನೆಯಲ್ಲಿ ಮೊಬೈಲ್ ಹೇಗೂ ಇರುತ್ತದೆ. ದೊಡ್ಡ ಮೊಬೈಲಿನಂತಿರುವ ಟ್ಯಾಬ್ಲೆಟ್ ಅದಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ.

ಎರಡು, ಟ್ಯಾಬ್ಲೆಟ್ಟೇ ಸಿಕ್ಕಿದರೆ ಅಥವಾ ಅಷ್ಟಕ್ಕೇ ದುಡ್ಡು ಇದ್ದರೆ, ಜೊತೆಗೆ ಒಂದು ಕೀಬೋರ್ಡ್ ಕೊಳ್ಳಿರಿ. ಲಾಸ್ ಏಂಜಲೀಸಿನವರು ತಡವಾಗಿ ಕಲಿತ ಪಾಠ ನಮಗೆ ಮೊದಲೇ ಗೊತ್ತಾಗಿದೆ. ರಟ್ಟಿನ ಡೈನಾಬುಕ್ಕಿನಲ್ಲೂ ಕೀಲಿಮಣೆ ಇತ್ತು ಎಂಬುದನ್ನು ನೆನಪಿಡಿ. ಚಿತ್ರಕಲೆ, ವೈದ್ಯಕೀಯ, ಜೀವಶಾಸ್ತ್ರದಂಥ ವಿಷಯ ಓದುವವರಿಗೆ ಪೆನ್ನಿನಿಂದ ಚಿತ್ರ ಬಿಡಿಸುವ ಟ್ಯಾಬ್ಲೆಟ್ ಉಪಯೋಗಕ್ಕೆ ಬರುತ್ತದೆ.

ಮೂರು, ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಎಚ್ಚರದಿಂದಿರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಆಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ. ಆಗದಿದ್ದರೆ ಲಿನಕ್ಸ್ ಹಾಕಿಸಬಹುದು, ಅದರಲ್ಲೂ ಕನ್ನಡ ಚೆನ್ನಾಗಿ ಬರುತ್ತದೆ.

ನಾಲ್ಕು, ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಯಂತ್ರ ಮನೆಗೆ ಬಂದ ಮೊದಲ ವಾರದಲ್ಲೇ ಕನ್ನಡ ಟೈಪಿಂಗ್ ಕಲಿಯಿರಿ. ಕಾಲೇಜಿಗೆ ಹೋದ ಮೇಲೆ ನಮ್ಮ ಮಕ್ಕಳು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬರೆಯಬೇಕಾಗುತ್ತದೆ. ಹನ್ನೆರಡು ವರ್ಷ ಕೈಯಿಂದ ಬರೆದ ಕನ್ನಡ ಅಲ್ಲಿಗೆ ನಿಂತುಬಿಡುತ್ತದೆ. ಆಮೇಲೆ ಕನ್ನಡದ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುವ ರೂಢಿ ಬೀಳುತ್ತದೆ. ಹತ್ತು ವರ್ಷ ಹೀಗೆ ನಡೆದರೆ, ಕನ್ನಡ ಓದಬಲ್ಲರು ಆದರೆ ಬರೆಯಲಾರರು ಎಂಬ ಒಂದು ತಲೆಮಾರು ನಮ್ಮ ಗಡಿಯಲ್ಲಿ ತಯಾರಾಗುತ್ತದೆ. ಶಾಲೆ ಮುಚ್ಚದೆಯೂ ಭಾಷೆ ಹೋಗುವ ದಾರಿ ಇದು. ಕೀಲಿಮಣೆಯ ಮೇಲೆ ದಿನಕ್ಕೆ ಅರ್ಧ ಗಂಟೆ ಕೂತರೆ ಕೆಲವು ವಾರಗಳಲ್ಲಿ ಕೈ ಓಡತೊಡಗುತ್ತದೆ.

ಮರಳಿನಿಂದ ಹಲಗೆಗೆ, ಹಲಗೆಯಿಂದ ಓಲೆಗೆ, ಕಡತಕ್ಕೆ, ಕಾಗದಕ್ಕೆ ನಮ್ಮ ಹಿರಿಯರು ಕನ್ನಡವನ್ನು ದಾಟಿಸಿಕೊಂಡು ಬಂದರು. ಪ್ರತಿ ಬಾರಿಯೂ ಯಾರೋ ಕೂತು ಬರೆದದ್ದರಿಂದ ಅದು ದಾಟಿತು. ಪ್ಲಸ್ ಟು ಮುಗಿಸಿ ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿ, ವಿದ್ಯಾರ್ಥಿನಿ ಯಾವ ಯಂತ್ರ ಕೊಂಡರೂ ಅದರಲ್ಲಿ ಮೊದಲು ತಮ್ಮ ಊರಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಲಿ ಎಂಬುದು ಈ ಮೇಷ್ಟರ ಕೋರಿಕೆ. ಎಲ್ಲರಿಗೂ ಶುಭವಾಗಲಿ.